ರಾಮದುರ್ಗದ ಅಕ್ಷಾಂಶದಲ್ಲಿ ತಾರ್ಲೆ: ಕಡಲಜೀವಿಗಳ ನೆಲೆ ಬದಲಾವಣೆ ಕುರಿತು ಒಂದು ಟಿಪ್ಪಣಿ

ರಾಮದುರ್ಗ ಊರು 16 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಕೂದಲೆಳೆಯಷ್ಟು ಕೆಳಗಿದೆ. ಇಲ್ಲಿಂದ ನೇರ ಪಡುವಣಕ್ಕೆ ನಕ್ಷೆಯ ಮೇಲೆ ಗೆರೆ ಎಳೆದರೆ ಅದು ಬೆಳಗಾವಿಯ ಉತ್ತರಕ್ಕೆ ಹಾದು, ಸಹ್ಯಾದ್ರಿ ಇಳಿದು, ವೆಂಗುರ್ಲೆ ಮತ್ತು ಮಾಲ್ವಣಗಳ ನಡುವೆ ಕಡಲು ಮುಟ್ಟುತ್ತದೆ. ದೂರ ಇನ್ನೂರು ಕಿಲೋಮೀಟರಿನೊಳಗೆ. ಇಷ್ಟು ಹತ್ತಿರವಿದ್ದರೂ ಕಡಲು ನಮ್ಮ ಲೆಕ್ಕದಲ್ಲಿಲ್ಲ. ಅದಕ್ಕೆ ಹೊಳೆಯೇ ಕಾರಣವಿದ್ದೀತು. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಣ್ಣೆದುರಿಗಿರುವ ಅರಬ್ಬೀ ಸಮುದ್ರಕ್ಕೆ ಬೆನ್ನು ಹಾಕಿ ಮೂಡಣಕ್ಕೆ ತಿರುಗುತ್ತಾಳೆ. ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿನ ಹಿಂದೆ ನಿಂತು, ರಾಮದುರ್ಗ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ನೀರು ಹೋದ ಕಡೆಗೇ ನಮ್ಮ ಗಮನವೂ ಹೋಗಿದೆ.

ಆದರೂ ಈ ಟಿಪ್ಪಣಿಗೆ ರಾಮದುರ್ಗದ ಅಕ್ಷಾಂಶವನ್ನೇ ಆಧಾರಗೆರೆಯಾಗಿ ಹಿಡಿದಿದ್ದೇನೆ. ನಮ್ಮ ಕರಾವಳಿಯ ಅತಿ ಮುಖ್ಯ ಮೀನಿನ ನೆಲೆ ಬಡಗಣಕ್ಕೆ ಹಬ್ಬಿದೆ ಎಂದು ವಿಜ್ಞಾನಿಗಳು ಗುರುತಿಸಿದ್ದು 14ರಿಂದ 20 ಡಿಗ್ರಿಯವರೆಗಿನ ಪಟ್ಟಿಯಲ್ಲಿ. ನಮ್ಮ ಗೆರೆ ಆ ಪಟ್ಟಿಯೊಳಗೆ ಬೀಳುತ್ತದೆ. ಇನ್ನೊಂದು ಕಾರಣ ನಮ್ಮ ಕಾಲಡಿಯ ಕಲ್ಲು.

ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂವಿವರಣೆ ಪ್ರಕಟಿಸಿದಾಗ ಈ ಭಾಗದ ಶಿಲೆಗಳನ್ನು ಕಲಾದಗಿಯ ಹೆಸರಿನಲ್ಲಿ ವಿವರಿಸಿದ. ಮುಂದಿನ ಭೂವಿಜ್ಞಾನಿಗಳು ಆ ಸರಣಿಯ ತಳದ ಪದರಕ್ಕೆ ‘ರಾಮದುರ್ಗ ಶಿಲಾಸ್ತರ’ ಎಂದು ಹೆಸರಿಟ್ಟರು. ಸಾಲಗುಂದಿಯ ಗುಂಡುಗಲ್ಲಿನ ಪದರ, ಸವದತ್ತಿಯ ಬೆಣಚುಗಲ್ಲು ಎರಡೂ ಅದರ ಭಾಗ. ಅದರ ಮೇಲೆ ಯರಗಟ್ಟಿಯ ಹೆಸರಿನ ಸ್ತರವಿದೆ. ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು. ಗುಡ್ಡದ ಬೆಣಚುಗಲ್ಲಿನ ಹಾಸಿನ ಮೇಲೆ ಅಲೆಗಳ ಗೀರು ಇಂದಿಗೂ ಬೆರಳಿಗೆ ಸಿಗುತ್ತದೆ. ಹುಡುಗರನ್ನು ಕರೆದುಕೊಂಡು ಹೋಗಿ ತೋರಿಸಿದಾಗ ಪ್ರತಿ ವರ್ಷವೂ ಒಬ್ಬನಾದರೂ ಕೇಳುವ ಪ್ರಶ್ನೆ: “ಸರ್, ಇಲ್ಲಿದ್ದ ಸಮುದ್ರ ಎಲ್ಲಿಗೆ ಹೋತ್ರೀ?”

ಉತ್ತರ ಹೇಳುವಾಗ ಎಚ್ಚರ ಬೇಕು. ಆ ಕಡಲಿದ್ದಾಗ ಈ ನೆಲ ಈಗಿನ ಅಕ್ಷಾಂಶದಲ್ಲಿ ಇರಲಿಲ್ಲ, ಖಂಡಗಳೇ ಸರಿದಿವೆ. ಆ ಕಡಲು ಹೋದದ್ದು ನೆಲ ಮಡಿಚಿ, ಎದ್ದು, ಸವೆದು, ಕೋಟಿಗಟ್ಟಲೆ ವರ್ಷಗಳಲ್ಲಿ. ಇಂದು ನಾವು ಮಾತಾಡುತ್ತಿರುವ ಬದಲಾವಣೆ ಒಬ್ಬ ಮೀನುಗಾರನ ದುಡಿಮೆಯ ಕಾಲದಷ್ಟು, ಅಂದರೆ ನಲವತ್ತು ವರ್ಷದಷ್ಟು ಚಿಕ್ಕದು. ಇವೆರಡನ್ನು ಒಂದೇ ತಕ್ಕಡಿಗೆ ಹಾಕಿ ‘ಹವಾಮಾನ ಯಾವಾಗಲೂ ಬದಲಾಗುತ್ತಲೇ ಇತ್ತು’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ನೆಲೆ ಎಂದರೇನು ಎಂಬ ಒಂದು ಪಾಠವನ್ನು ಈ ಕಲ್ಲಿನಿಂದ ಕಲಿಯಬಹುದು.

ಯರಗಟ್ಟಿ ಸ್ತರದ ಸುಣ್ಣಯುಕ್ತ ಶಿಲೆಗಳಲ್ಲಿ ಸ್ಟ್ರೊಮಾಟೊಲೈಟುಗಳಿವೆ. ಬರಿಗಣ್ಣಿಗೆ ಕಾಣದ ನೀಲಿ-ಹಸಿರು ಜೀವಾಣುಗಳು ಆಳವಿಲ್ಲದ ನೀರಿನಲ್ಲಿ ಪದರದ ಮೇಲೆ ಪದರ ಕಟ್ಟಿಕೊಂಡು ಬೆಳೆಸಿದ ದಿಬ್ಬಗಳು ಇವು. ಕುಯ್ದು ನಯ ಮಾಡಿದ ತುಂಡಿನಲ್ಲಿ ಎಲೆಕೋಸಿನ ಅಡ್ಡಸೀಳಿನಂತೆ ಗೆರೆಗಳು ಕಾಣುತ್ತವೆ. ಒಂದು ಕಾಲಕ್ಕೆ ಪ್ರಪಂಚದ ಆಳವಿಲ್ಲದ ಕಡಲುಗಳ ತುಂಬ ಇವೇ ಇದ್ದವು. ಈಗ ಇಂಥವು ಜೀವಂತವಾಗಿ ವಿಸ್ತಾರವಾಗಿ ಬೆಳೆಯುವ ಹೆಸರಾಂತ ಜಾಗ ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯ ಹ್ಯಾಮೆಲಿನ್ ಪೂಲ್. ಅಲ್ಲಿನ ನೀರು ಸಾಮಾನ್ಯ ಕಡಲಿಗಿಂತ ಇಮ್ಮಡಿ ಉಪ್ಪು. ಜೀವಾಣುಗಳನ್ನು ಮೇಯುವ ಬಸವನಹುಳುವಿನಂಥ ಪ್ರಾಣಿಗಳಿಗೆ ಆ ಉಪ್ಪು ತಡೆಯಲಾಗದು. ಮೇಯುವವರಿಲ್ಲದ ಕಡೆ ದಿಬ್ಬ ಉಳಿಯಿತು. ಹಾಗಾಗಿ ಒಂದು ಜೀವಿ ಎಲ್ಲಿರುತ್ತದೆ ಎಂಬುದನ್ನು ನೀರಿನ ಬಿಸುಪು ಮಾತ್ರ ತೀರ್ಮಾನಿಸುವುದಿಲ್ಲ. ಅದನ್ನು ತಿನ್ನುವವರು ಎಲ್ಲಿದ್ದಾರೆ, ಅದು ತಿನ್ನುವುದು ಎಲ್ಲಿದೆ ಎಂಬುದೂ ತೀರ್ಮಾನಿಸುತ್ತದೆ.

ಅದೇ ಪಶ್ಚಿಮ ಆಸ್ಟ್ರೇಲಿಯದ ಕರಾವಳಿಯಲ್ಲಿ ಇದಕ್ಕೆ ಹೊಸ ಸಾಕ್ಷಿ ಸಿಕ್ಕಿದೆ. 2010-11ರ ಅಲ್ಲಿನ ಬೇಸಿಗೆಯಲ್ಲಿ ಕಡಲನೀರು ಅಸಾಧಾರಣವಾಗಿ ಕಾದಿತು. ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ಕಾಡು ಸುಮಾರು 100 ಕಿಲೋಮೀಟರ್ ಉದ್ದಕ್ಕೆ ಅಳಿಸಿಹೋಯಿತು. ನೀರು ಮತ್ತೆ ತಣಿದ ಮೇಲೂ ಆ ಕಾಡು ಮರಳಲಿಲ್ಲ. ಬಿಸಿನೀರಿನ ಬೆನ್ನಿಗೆ ಉಷ್ಣವಲಯದ ಮೇಯುವ ಮೀನುಗಳು ಬಂದು, ಹೊಸ ಚಿಗುರನ್ನು ಏಳಗೊಡಲಿಲ್ಲ. ನೆಲೆಯ ಗಡಿಯನ್ನು ಕೆಡವಿದ್ದು ಬಿಸಿ, ಕೆಡವಿದ್ದನ್ನು ಹಾಗೇ ಉಳಿಸಿದ್ದು ನೆರೆಹೊರೆ.

ಈಗ ನಮ್ಮ ಮೀನಿಗೆ ಬರುತ್ತೇನೆ. ಮಂಗಳೂರು-ಉಡುಪಿಯಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕಾರವಾರ ಸೀಮೆಯಲ್ಲಿ ತಾರ್ಲೆ, ಗಡಿ ದಾಟಿ ಕೇರಳಕ್ಕೆ ಹೋದರೆ ಮತ್ತಿ. ವಿಜ್ಞಾನದ ಹೆಸರು ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಗೇಣುದ್ದ, ಕೊಬ್ಬು ಹೆಚ್ಚು, ಬದುಕು ಎರಡು ಮೂರು ವರ್ಷ. ಮುಂಗಾರಿನ ಗಾಳಿ ಕರಾವಳಿಯ ಮೇಲ್ನೀರನ್ನು ಆಚೆಗೆ ತಳ್ಳಿದಾಗ ಆಳದ ತಣ್ಣೀರು ಸತ್ವ ಹೊತ್ತು ಮೇಲೇರುತ್ತದೆ. ಆ ಸತ್ವದಿಂದ ಸೂಕ್ಷ್ಮ ಪಾಚಿ ಬೆಳೆಯುತ್ತದೆ, ಪಾಚಿಯನ್ನು ಬೂತಾಯಿ ತಿನ್ನುತ್ತದೆ. ಫ್ರಜಿಲೇರಿಯಾ ಓಶಿಯಾನಿಕಾ ಎಂಬ ಪಾಚಿ ಹೆಚ್ಚಿದರೆ ಈ ಮೀನೂ ಹೆಚ್ಚೀತು ಎಂದು 1955ರಲ್ಲೇ ನಾಯರ್ ಮತ್ತು ಸುಬ್ರಹ್ಮಣ್ಯನ್ ಸೂಚಿಸಿದ್ದರು. ಕಣಕುಂಬಿಯಲ್ಲಿ ಮಳೆ ಸುರಿಸಿ ನವಿಲುತೀರ್ಥದ ಜಲಾಶಯ ತುಂಬಿಸುವ ಮುಂಗಾರೇ ಬೂತಾಯಿಯ ಊಟವನ್ನೂ ಬಡಿಸುತ್ತದೆ. ಮಲಪ್ರಭೆ ನಮ್ಮನ್ನು ಕಡಲಿನಿಂದ ದೂರ ಒಯ್ದರೂ ಗಾಳಿ ಒಯ್ದಿಲ್ಲ.

ಈ ಮೀನಿನ ನೆಲೆಯನ್ನು ಕುರಿತು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಇ. ವಿವೇಕಾನಂದನ್ ಮತ್ತು ಸಂಗಡಿಗರು 2009ರ ಸುಮಾರಿಗೆ ಮುಂದಿಟ್ಟ ವಾದವೇ ಇಂದಿಗೂ ಚರ್ಚೆಯ ಬುನಾದಿ. 1985ರವರೆಗೆ ಬೂತಾಯಿಯ ಹಿಡುವಳಿ ಬಹುಪಾಲು 8ರಿಂದ 14 ಡಿಗ್ರಿ ಅಕ್ಷಾಂಶದ ನಡುವಿನ ಮಲಬಾರ್ ಪಟ್ಟಿಯಿಂದಲೇ ಬರುತ್ತಿತ್ತು. 14ರ ಬಡಗಣಕ್ಕೆ ಸಿಗುತ್ತಿದ್ದುದು ಇಲ್ಲವೆನ್ನುವಷ್ಟು ಕಡಿಮೆ. ಮುಂದಿನ ಎರಡು ದಶಕಗಳಲ್ಲಿ 14ರಿಂದ 20 ಡಿಗ್ರಿಯ ಪಾಲು ಏರುತ್ತ ಹೋಗಿ, 2006ರಲ್ಲಿ ದೇಶದ ಒಟ್ಟು ಬೂತಾಯಿಯ ಸುಮಾರು ಶೇ. 15ಕ್ಕೆ ಮುಟ್ಟಿತು. ಮೂಡಣ ಕರಾವಳಿಯಲ್ಲೂ ಅದು ಹೆಚ್ಚಿತು. ಮೇಲ್ನೀರು ಬೆಚ್ಚಗಾದಂತೆ ಮೀನಿಗೆ ಒಗ್ಗುವ ಬಿಸುಪಿನ ನೀರು ಬಡಗಣಕ್ಕೆ ಚಾಚಿಕೊಂಡಿದೆ ಎಂಬುದು ಅವರು ಕೊಟ್ಟ ವಿವರಣೆ.

ಕನ್ನಡ ಓದುಗರು ಗಮನಿಸಬೇಕಾದದ್ದು ಆ 14 ಡಿಗ್ರಿಯ ಗೆರೆ. ಅದು ಕರ್ನಾಟಕದ ಕರಾವಳಿಯನ್ನು ಭಟ್ಕಳದ ಹತ್ತಿರ ಕತ್ತರಿಸುತ್ತದೆ. ಗಂಗೊಳ್ಳಿ, ಮಲ್ಪೆ, ಮಂಗಳೂರು ಹಳೆಯ ನೆಲೆಯ ಒಳಗೆ. ಹೊನ್ನಾವರ, ತದಡಿ, ಕಾರವಾರ ಹೊಸ ಪಟ್ಟಿಯ ಬಾಗಿಲಲ್ಲಿ. ಈ ಬದಲಾವಣೆಯನ್ನು ಒಂದೇ ರಾಜ್ಯದೊಳಗೆ, ಒಂದೇ ಭಾಷೆಯಲ್ಲಿ ಕೇಳಿ ತಿಳಿಯುವ ಅವಕಾಶ ನಮಗಿದೆ.

ವಿವೇಕಾನಂದನ್ ತಂಡದ ಒಂದು ಮಾತು ಪತ್ರಿಕೆಗಳ ವರದಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಬಡಗಣದಲ್ಲಿ ಹಿಡುವಳಿ ಹೆಚ್ಚುತ್ತಿದ್ದಾಗ ಮಲಬಾರ್ ಪಟ್ಟಿಯಲ್ಲಿ ಅದು ಕುಗ್ಗಿರಲಿಲ್ಲ. ಆದ್ದರಿಂದ ಮೀನಿನ ನೆಲೆ ಹಬ್ಬಿದೆ, ಗುಳೆ ಹೋಗಿಲ್ಲ ಎಂದು ಅವರು ಬರೆದರು. ಗುಳೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಬರಗಾಲದಲ್ಲಿ ಮನೆಗೆ ಬೀಗ ಹಾಕಿ ಹೋಗುವುದಕ್ಕೂ ಹಿರಿಮಗ ಊರಲ್ಲೇ ಉಳಿದು ಕಿರಿಯವ ಪಕ್ಕದೂರಲ್ಲಿ ಹೊಲ ಮಾಡುವುದಕ್ಕೂ ಇರುವ ವ್ಯತ್ಯಾಸ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2006ರವರೆಗಿನ ಅಂಕಿಗಳು ತೋರಿಸಿದ್ದು ಎರಡನೆಯದನ್ನು.

ಆ ತೀರ್ಮಾನದ ಮೇಲೂ ನನಗೆ ಮೂರು ಅನುಮಾನಗಳಿವೆ. ಅವು ಆ ಕೆಲಸದ ಬೆಲೆ ಕಡಿಮೆ ಮಾಡುವಂಥವಲ್ಲ, ಮುಂದಿನವರು ಮಾಡಬೇಕಾದ ಕೆಲಸವನ್ನು ತೋರಿಸುವಂಥವು.

ದೊಡ್ಡದು ಬಲೆಯದು. ಕರ್ನಾಟಕದಲ್ಲಿ ಬಂಗುಡೆ, ಬೂತಾಯಿ ಹಿಡಿಯುತ್ತಿದ್ದುದು ರಂಪಣಿಯಿಂದ. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರದಲ್ಲಿ ಬಲೆ ಬಿಟ್ಟು, ಹತ್ತಾರು ಜನ ದಡದಲ್ಲಿ ನಿಂತು ಎರಡೂ ತುದಿಯ ಹಗ್ಗ ಎಳೆಯುವ, ಬಂದದ್ದನ್ನು ಪಾಲು ಹಾಕಿಕೊಳ್ಳುವ ಪದ್ಧತಿ ಅದು. ದಡಕ್ಕೆ ಬಂದ ಮೀನಷ್ಟೇ ಅದಕ್ಕೆ ಸಿಗುತ್ತದೆ. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಬಂದಿತು. ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು ತಳ ಬಿಗಿಯುವ ಬಲೆ. ಕೆಲವೇ ವರ್ಷಗಳಲ್ಲಿ ರಂಪಣಿ ಬಹುಮಟ್ಟಿಗೆ ಮೂಲೆ ಸೇರಿತು. ಹೋಲಿಕೆಗೆ ಹಿಡಿದ 1985 ಎಂಬ ವರ್ಷ ಈ ಪಲ್ಲಟದ ಬೆನ್ನಿಗೇ ಬರುತ್ತದೆ. ಮೊದಲು ಬಡಗಣದಲ್ಲಿ ಮೀನು ಇರಲಿಲ್ಲವೋ, ಇದ್ದೂ ದಡದಿಂದ ದೂರ ಇದ್ದುದರಿಂದ ಬಲೆಗೆ ಸಿಗಲಿಲ್ಲವೋ? ಬರೀ ಹಿಡುವಳಿಯ ಅಂಕಿಯಿಂದ ಇದನ್ನು ಬಿಡಿಸಲಾಗದು.

ಇನ್ನೊಂದು ಬಂದರಿನದು. ಮಲ್ಪೆಯಿಂದ ಹೊರಡುವ ದೊಡ್ಡ ಟ್ರಾಲ್ ಬೋಟುಗಳು ವಾರಕ್ಕೂ ಹೆಚ್ಚು ಕಾಲ ಕಡಲಲ್ಲೇ ಇದ್ದು, ಗೋವೆ, ಮಹಾರಾಷ್ಟ್ರದ ನೀರಿನಾಚೆಗೂ ಹೋಗಿ, ಮಲ್ಪೆಗೇ ಮರಳಿ ಮೀನು ಇಳಿಸುತ್ತವೆ. ಮೀನು ಇಳಿದ ಊರು ಮೀನಿದ್ದ ಊರಾಗಬೇಕಿಲ್ಲ. ಹಳೆಯ ಕಾಗದಪತ್ರಗಳಲ್ಲಿ ಮತ್ತೊಂದು ತೊಡಕಿದೆ: ಸ್ವಾತಂತ್ರ್ಯಕ್ಕೆ ಮುಂಚೆ ದಕ್ಷಿಣ ಕನ್ನಡ ಮದರಾಸು ಆಧಿಪತ್ಯದಲ್ಲಿತ್ತು, ಉತ್ತರ ಕನ್ನಡ ನಮ್ಮ ಬೆಳಗಾವಿ ಜಿಲ್ಲೆಯ ಹಾಗೆ ಮುಂಬಯಿಯದರಲ್ಲಿತ್ತು. ಎರಡು ಜಿಲ್ಲೆಗಳ ಹಳೆಯ ಗಡಿ ಬೀಳುವುದೂ ಸರಿಸುಮಾರು ಆ 14 ಡಿಗ್ರಿಯ ಹತ್ತಿರವೇ. ಗೆರೆಯ ಎರಡು ಪಕ್ಕ ಎರಡು ಸರ್ಕಾರಗಳು ಲೆಕ್ಕ ಇಟ್ಟಿದ್ದರೆ, ಅಂಕಿಗಳ ವ್ಯತ್ಯಾಸದಲ್ಲಿ ಮೀನಿನ ಪಾಲೆಷ್ಟು, ಗುಮಾಸ್ತನ ಪಾಲೆಷ್ಟು ಎಂದು ಕೇಳಲೇಬೇಕು.

ಕೊನೆಯದು ಒಮಾನಿನದು. ಇದೇ ಬೂತಾಯಿ ಒಮಾನಿನ ಕಡಲಲ್ಲಿ ಬಹುಕಾಲದಿಂದ ಹೇರಳವಾಗಿದೆ. ಅಲ್ಲಿ ಅದನ್ನು ಒಣಗಿಸಿ ಒಂಟೆ, ದನಗಳಿಗೂ ಹಾಕುತ್ತಾರೆ. ಒಮಾನ್ ನಮ್ಮ 20 ಡಿಗ್ರಿಗಿಂತ ಬಡಗಣಕ್ಕೂ ಚಾಚಿದೆ. ಅಲ್ಲೂ ಮುಂಗಾರಿನ ಗಾಳಿ ತಣ್ಣೀರನ್ನು ಮೇಲೆತ್ತುತ್ತದೆ. ಹಾಗಾದರೆ ಬೂತಾಯಿ ತೆಂಕಣದ ಮೀನು, ಬಿಸಿಯಾದ ಮೇಲೆ ಬಡಗಣ ಕಂಡಿತು ಎನ್ನುವುದು ಪೂರ್ತಿ ಸರಿಯಲ್ಲ. ಸ್ಟ್ರೊಮಾಟೊಲೈಟು ಹೇಳಿದ್ದನ್ನೇ ಒಮಾನ್ ಹೇಳುತ್ತದೆ: ಬಿಸುಪಿನ ಜೊತೆಗೆ ಊಟ ಎಲ್ಲಿ ಏಳುತ್ತದೆ ಎಂಬುದನ್ನೂ ನೋಡಬೇಕು.

ಏರಿಳಿತ ಈ ಮೀನಿನ ಹುಟ್ಟುಗುಣ ಎಂಬುದನ್ನೂ ಮರೆಯಬಾರದು. 1940ರ ದಶಕದಲ್ಲಿ ಅದು ಎಷ್ಟು ಕಡಿಮೆಯಾಯಿತೆಂದರೆ 1943ರಲ್ಲಿ ಮದರಾಸು ಸರ್ಕಾರ ಮರಿಮೀನು ಹಿಡಿಯುವ ಬಲೆಗಳಿಗೆ ನಿರ್ಬಂಧ ಹಾಕಿತು. ಇತ್ತೀಚಿನ ಕುಸಿತ ಇನ್ನೂ ಕಡಿದಾದುದು. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿಗೆ ಸಮೀಪ ಇದ್ದದ್ದು 2016ರಲ್ಲಿ 50 ಸಾವಿರ ಟನ್ನಿಗೂ ಕೆಳಗೆ ಬಂತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇದರ ಹಿಂದೆ 2015ರ ಎಲ್ ನಿನೊ, ಮರಿಮೀನಿನ ಬೇಟೆ, ಮಳೆಯ ಹೊತ್ತುಗೇಡು ಎಲ್ಲವೂ ಹೆಣೆದುಕೊಂಡಿವೆ. ‘ಮಲಬಾರಿನಲ್ಲಿ ಕುಗ್ಗಿಲ್ಲ, ಆದ್ದರಿಂದ ಹಬ್ಬಿದೆ’ ಎಂಬ 2009ರ ತರ್ಕದ ಮೊದಲ ಅರ್ಧ 2012ರ ನಂತರ ನಿಲ್ಲುವುದಿಲ್ಲ. ಹಾಗೆಂದು ಮೀನು ಗುಳೆ ಹೋಯಿತು ಎನ್ನಲೂ ಬರುವುದಿಲ್ಲ. ಗುಳೆ ಹೋಗಿದ್ದರೆ ಕೇರಳದಲ್ಲಿ ಕಳೆದ ಲಕ್ಷಗಟ್ಟಲೆ ಟನ್ನು ನಮ್ಮ ಅಕ್ಷಾಂಶದ ಮಾಲ್ವಣದಲ್ಲೋ ಗುಜರಾತಿನಲ್ಲೋ ಎದ್ದು ಕಾಣಬೇಕಿತ್ತು.

ಮೀನಿಗೆ ಬಿಸಿಯಿಂದ ತಪ್ಪಿಸಿಕೊಳ್ಳಲು ಬಡಗಣ ಒಂದೇ ದಾರಿಯಲ್ಲ, ಆಳವೂ ದಾರಿ, ಕಾಲವೂ ದಾರಿ. ಬಂಗುಡೆ ಮೇಲ್ನೀರಿನ ಮೀನು. 1985-89ರಲ್ಲಿ ಅದರ ಹಿಡುವಳಿಯಲ್ಲಿ ತಳದ ಟ್ರಾಲ್ ಬಲೆಯ ಪಾಲು ಶೇ. 2 ಮಾತ್ರ, 2003-07ರಲ್ಲಿ ಅದು ಸುಮಾರು ಶೇ. 15 ಆಯಿತು. ಬಂಗುಡೆ ಆಳಕ್ಕಿಳಿದಿದೆ ಎಂದು ಇದನ್ನು ಓದುತ್ತಾರೆ. ಟ್ರಾಲ್ ಬಲೆಯ ಬಾಯಿಯೇ ಎತ್ತರವಾಗಿದ್ದರೆ ಮೀನು ಇಳಿಯದೆಯೂ ಬಲೆಗೆ ಬಿದ್ದೀತು ಎಂಬ ಆಕ್ಷೇಪವನ್ನು ನಾನು ಇಲ್ಲಿ ಸೇರಿಸಬಯಸುತ್ತೇನೆ. ಚೆನ್ನೈ ಕಡಲಿನ ಒಂದು ಸಾಕ್ಷಿ ಮಾತ್ರ ಈ ಆಕ್ಷೇಪಕ್ಕೆ ಸಿಗದು. ನಮ್ಮವರು ಮದ್ಮಲ್ ಎನ್ನುವ ಕೆಂಪು ಮೀನಿನ ಒಂದು ಜಾತಿಯಲ್ಲಿ, ಏಪ್ರಿಲ್‌ನಿಂದ ಸೆಪ್ಟೆಂಬರಿನ ಬಿಸಿ ತಿಂಗಳುಗಳಲ್ಲಿ ಮೊಟ್ಟೆಯಿಡಲು ಸಿದ್ಧವಾಗಿದ್ದವುಗಳ ಪಾಲು 1980ರಲ್ಲಿ ಶೇ. 35 ಇದ್ದದ್ದು 2004ಕ್ಕೆ ಶೇ. 5ಕ್ಕೆ ಇಳಿಯಿತು, ಉಳಿದವು ತಂಪಿನ ತಿಂಗಳುಗಳಿಗೆ ಸರಿದವು. ಬಲೆ ಬದಲಾದರೆ ಮೀನಿನ ಲೆಕ್ಕ ಬದಲಾದೀತು, ಬಸಿರಿನ ತಿಂಗಳು ಬದಲಾಗದು. ನಾನು ಓದಿದ ಸಾಕ್ಷಿಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ.

ಜನ ಇಟ್ಟ ಹೆಸರುಗಳನ್ನೂ ಸಾಕ್ಷಿಯಾಗಿ ಓದಬಹುದು. ಮಲ್ಪೆಯಲ್ಲಿ ಕಡುನೀಲಿ ಬಣ್ಣದ, ಕೆಂಪು ಹಲ್ಲಿನ ಒಂದು ಮೀನಿಗೆ ‘ಕಾರ್ಗಿಲ್ ಮೀನು’ ಎನ್ನುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಬಲೆಯಲ್ಲಿ ಕಾಣತೊಡಗಿದ್ದಕ್ಕೆ ಆ ಹೆಸರು. 1999 ಎಂಬ ತಾರೀಕನ್ನು ಮೀನಿನ ಮೈಗೇ ಕಟ್ಟಿದ ಹಾಗಿದೆ. ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ, ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಆದರೆ ರುಪ್ಪೆಲ್ ಎಂಬಾತ ಕೆಂಪು ಸಮುದ್ರದಿಂದ ಈ ಮೀನನ್ನು 1836ರಲ್ಲೇ ವಿವರಿಸಿದ್ದ. ಹಿಂದೂ ಮಹಾಸಾಗರಕ್ಕೆ ಅದು ಹೊಸಬನಲ್ಲ. ಹೆಸರು ಹೇಳುವುದು ಅದು ಬಂದ ವರ್ಷವನ್ನಲ್ಲ, ನಮ್ಮ ಬಲೆ ತುಂಬಿದ ವರ್ಷವನ್ನು. ಅಷ್ಟನ್ನೇ ದಾಖಲಿಸಿದರೂ ಅದು ಬೆಲೆಯುಳ್ಳ ದಾಖಲೆ.

ಪ್ರಪಂಚದ ಲೆಕ್ಕದಲ್ಲಿ 1950ರ ದಶಕದಿಂದೀಚೆಗೆ ಮೇಲ್ನೀರಿನ ಜೀವಿಗಳ ನೆಲೆ ದಶಕಕ್ಕೆ ಸರಾಸರಿ 52 ಕಿಲೋಮೀಟರ್, ತಳದ ಜೀವಿಗಳದು 29 ಕಿಲೋಮೀಟರ್ ಧ್ರುವಗಳ ಕಡೆ ಸರಿದಿದೆ ಎಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2019ರಲ್ಲಿ ಹೇಳಿತು. ಈ ಸರಾಸರಿಯನ್ನು ಅರಬ್ಬೀ ಸಮುದ್ರಕ್ಕೆ ಹಾಗೆಯೇ ಹೊಂದಿಸುವುದು ತಪ್ಪು. ಯುರೋಪಿನ ಮೀನಿಗೆ ಬಡಗಣಕ್ಕೆ ನಾರ್ವೆಯಿದೆ, ಅದರಾಚೆ ಆರ್ಕ್ಟಿಕ್ ಇದೆ. ನಮ್ಮ ಕಡಲು 25 ಡಿಗ್ರಿಯ ಹತ್ತಿರ ಮಕ್ರಾನಿನ ಬೆಟ್ಟಗಳಿಗೆ ತಲೆ ತಾಗಿಸಿ ಮುಗಿಯುತ್ತದೆ. ಅಲ್ಲಿಂದ ಮುಂದೆ ನೀರಿಲ್ಲ. ಇತ್ತ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ನೀರು 1951ರಿಂದ 2015ರೊಳಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದೆ. ಪ್ರಪಂಚದ ಕಡಲುಗಳ ಸರಾಸರಿ ಏರಿಕೆ ಅದೇ ಅವಧಿಯಲ್ಲಿ 0.7.

ಕೆಳಗೂ ಬಾಗಿಲು ಅರ್ಧ ಮುಚ್ಚಿದೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರಿನವರೆಗೆ ಆಮ್ಲಜನಕ ತೀರ ಕಡಿಮೆ ಇರುವ ನೀರಿನ ದಪ್ಪ ಪದರವಿದೆ. ಮುಂಗಾರಿನಲ್ಲಿ ಮೇಲೇರುವುದು ಇದೇ ನೀರು. ಅದು ಸತ್ವವನ್ನು ತರುತ್ತದೆ, ಉಸಿರನ್ನು ತರುವುದಿಲ್ಲ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಕಾಂದೋಳಿಯ ಎದುರಿನ ಕಡಲಲ್ಲಿ ವರ್ಷಗಟ್ಟಲೆ ನೀರನ್ನು ಅಳೆದಿದ್ದಾರೆ. ಆ ಜಾಗ ನಮ್ಮ ರಾಮದುರ್ಗದ ಗೆರೆಗಿಂತ ಅರ್ಧ ಡಿಗ್ರಿ ತೆಂಕಣಕ್ಕೆ. ಮುಂಗಾರಿನ ಕೊನೆಗೆ ಅಲ್ಲಿ ದಡದ ಹತ್ತಿರದ ತಳನೀರಿನಲ್ಲೂ ಆಮ್ಲಜನಕ ಮುಗಿದುಹೋಗುತ್ತದೆ. 1999ರಲ್ಲಿ ಪಶ್ಚಿಮ ಕರಾವಳಿಯ ತಳನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡೂ ಕಂಡುಬಂತು. ಬಿಸಿಗೆ ಹೆದರಿ ಆಳಕ್ಕಿಳಿಯುವ ಬಂಗುಡೆಗೆ ಸೆಪ್ಟೆಂಬರಿನ ಕಾರವಾರದಲ್ಲಿ ಉಳಿಯುವುದು ಮೇಲಿನ ಬಿಸಿಗೂ ಕೆಳಗಿನ ಉಸಿರುಗಟ್ಟುವ ನೀರಿಗೂ ನಡುವಿನ ತೆಳುವಾದ ಪದರ. ಅಷ್ಟು ಇರುಕಿನಲ್ಲಿ ಒತ್ತೊತ್ತಾಗಿ ನಿಂತ ಮೀನು ಬಲೆಗೆ ಸುಲಭವಾಗಿ ಸಿಗುತ್ತದೆ. ಆ ವರ್ಷ ಮೀನು ಹೆಚ್ಚಾಗಿದೆ ಎಂದು ನಾವು ಬರೆದುಕೊಳ್ಳಬಹುದು. ಈ ಸಾಧ್ಯತೆ ನನ್ನನ್ನು ಬಹಳ ಕಾಡುತ್ತದೆ. ಹಿಡುವಳಿ ಏರಿದ ಅಂಕಿ ನೆಲೆ ಕುಗ್ಗಿದ್ದರ ಗುರುತೂ ಆಗಿರಬಹುದು.

ಆದ್ದರಿಂದ ಬಂದರಿನ ದಾಖಲೆಯಲ್ಲಿ ತೂಕದ ಪಕ್ಕ ಇನ್ನು ಮೂರು ಕಾಲಂ ಬೇಕು: ಬಲೆ ಬಿಟ್ಟ ಅಕ್ಷಾಂಶ, ಬಲೆ ಇಳಿದ ಆಳ, ಬಲೆಯ ಜಾತಿ. ದೋಣಿಗಳಲ್ಲಿ ಈಗ ಜಿಪಿಎಸ್ ಇದೆ, ಆಳ ತೋರಿಸುವ ಯಂತ್ರವಿದೆ. ಅಂಕಿ ಪರದೆಯ ಮೇಲಿದೆ, ಕಾಗದಕ್ಕೆ ಇಳಿದಿಲ್ಲ. ಭಟ್ಕಳದ ಎರಡೂ ಪಕ್ಕದ ಬಂದರುಗಳಲ್ಲಿ ಹತ್ತು ವರ್ಷ ಇಷ್ಟನ್ನು ಬರೆದಿಟ್ಟರೆ ಹಬ್ಬಿದ್ದು, ಗುಳೆ ಹೋದದ್ದು, ಇರುಕಿಗೆ ಸಿಕ್ಕದ್ದು ಮೂರನ್ನೂ ಬೇರ್ಪಡಿಸಬಹುದು.

ಹಳೆಯ ಕಾಲಕ್ಕೆ ಆ ಕಾಲಂಗಳು ಸಿಗುವುದಿಲ್ಲ. ಅದಕ್ಕೆ ಉಳಿದಿರುವವರು ರಂಪಣಿ ಎಳೆದವರು. ಪರ್ಸೀನ್ ಬರುವ ಮುಂಚೆ ಹಗ್ಗ ಹಿಡಿದವರಿಗೆ ಈಗ ಎಪ್ಪತ್ತರ ಆಸುಪಾಸು, ಇನ್ನು ಕೆಲವರಿಗೆ ಎಂಬತ್ತು. ಇಸವಿ ಕೇಳಿದರೆ ಅವರಿಗೆ ನೆನಪಾಗಲಿಕ್ಕಿಲ್ಲ. ನಮ್ಮ ರೈತರಿಗೆ ಬಿತ್ತಿದ ದಿನ ಮಳೆಯ ಹೆಸರಿನಿಂದ ನೆನಪಿರುವಂತೆ, ಅವರನ್ನೂ ಮಳೆಯ ಹೆಸರು ಹಿಡಿದೇ ಕೇಳಬೇಕು: ತಾರ್ಲೆ ದಡಕ್ಕೆ ಮೊದಲು ಬರುತ್ತಿದ್ದುದು ಮಘೆಯಲ್ಲೋ ಹಸ್ತದಲ್ಲೋ, ಬಂಗುಡೆಗಿಂತ ಮುಂಚೆಯೋ ಆಮೇಲೋ, ಅದರ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತಿತ್ತೋ ಇಲ್ಲವೋ.